ಕಲ್ಯಾಜಿನ್: ಕಾರ್ಯಕ್ರಮದಲ್ಲಿ ಇಲ್ಲದ ಊರು

ಟೂರ್ ಮ್ಯಾನೇಜರ್ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾಲ್ಕು ಮಾತು ಹೇಳಿ ಎಂದು ನಮ್ಮ ಹಳೆಯ ಆಫೀಸಿನವರು ಹೋದ ತಿಂಗಳು ಕರೆದಿದ್ದರು. ಹೋದೆ. ಪಾಸ್‌ಪೋರ್ಟ್ ಕಳೆದರೆ ಏನು ಮಾಡಬೇಕು, ಬಸ್ಸಿನ ಮುಂದಿನ ಸೀಟಿಗಾಗಿ ಇಬ್ಬರು ಅತ್ತೆಯರು ಜಗಳಕ್ಕೆ ನಿಂತರೆ ಏನು ಮಾಡಬೇಕು, ಬೆಳ್ಳುಳ್ಳಿ ಇಲ್ಲದ ಊಟ ಎಲ್ಲಿಂದ ತರಬೇಕು ಎಂದೆಲ್ಲ ಕೇಳಿದರು. ಉತ್ತರ ಗೊತ್ತಿತ್ತು, ಹೇಳಿದೆ. ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಮೇಡಂ, ನಮಗೇ ಗೊತ್ತಿಲ್ಲದ ಊರಿನಲ್ಲಿ ಇಳಿದು, ಗೈಡ್ ಕೂಡ ಇಲ್ಲದಿದ್ದರೆ?" ಎಂದಳು. ಅಷ್ಟರಲ್ಲಿ ಚಹಾ ಬಂತು, ಬಟಾಟೆ ವಡೆ ಬಂತು, ಸಭೆ ಚೆದುರಿತು. ಅವಳಿಗೆ ಹೇಳಬೇಕಾದದ್ದು ಸ್ವಲ್ಪ ಉದ್ದವಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ಶೈಲಾ ಹುಕ್ಕೇರಿ. ಹುಟ್ಟಿದ್ದು ಬೆಳಗಾವಿ, ಬೆಳೆದದ್ದು ಪುಣೆ. ಅಪ್ಪ ಖಡಕಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ಮರಾಠಿ. ನಾವು ಕಾಲೇಜಿನಲ್ಲಿದ್ದಾಗ ಸಂಜೆ ಹೊತ್ತು ಯಾವುದಾದರೊಂದು ಪರದೇಶದ ಭಾಷೆ ಕಲಿಯುವುದು ಪುಣೆಯಲ್ಲಿ ದೊಡ್ಡ ಹುಚ್ಚು. ನಾನು ಜರ್ಮನ್ ಕಲಿಯಲು ಹೋದೆ. ತರಗತಿ ಕಿಟಕಿಯವರೆಗೂ ತುಂಬಿತ್ತು. ಪಕ್ಕದ ಕೋಣೆಯಲ್ಲಿ ರಷ್ಯನ್ ನಡೆಯುತ್ತಿತ್ತು, ಬೆಂಚು ಖಾಲಿ ಇತ್ತು, ಕುಳಿತೆ. ನನ್ನ ಇಡೀ ವೃತ್ತಿ ಆ ಖಾಲಿ ಬೆಂಚಿನಿಂದ ಬಂದದ್ದು.

ಲಕ್ಷ್ಮೀ ರಸ್ತೆಯ ಒಳಗಲ್ಲಿಯಲ್ಲಿದ್ದ ಪ್ರವಾಸ ಕಂಪನಿಯಲ್ಲಿ ಮೊದಲು ಟಿಕೆಟ್ ಕಾಯ್ದಿರಿಸುವ ಕೆಲಸ. ಮಾಲೀಕರು ಸಾಠೆ ಸರ್. ಇಸ್ತ್ರಿ ಮಾಡಿದ ಬಿಳಿ ಶರ್ಟು, ಮೇಜಿನ ಮೇಲೆ ಯಾವಾಗಲೂ ಒಂದು ಗ್ಲೋಬು. ಆ ಗ್ಲೋಬನ್ನು ಅವರು ತಿರುಗಿಸಿದ್ದನ್ನು ನಾನು ಕಂಡಿಲ್ಲ. ನನಗೆ ರಷ್ಯನ್ ಬರುತ್ತದೆ ಎಂದು ತಿಳಿದ ದಿನವೇ ಕರೆದು, "ಮುಂದಿನ ಬೇಸಿಗೆಗೆ ವೋಲ್ಗಾ ನದಿಯ ಟೂರು. ನೀವೇ ಹೋಗುತ್ತೀರಿ" ಎಂದರು. ನಾನು ಅದುವರೆಗೆ ಹಂಪಿಯ ಆಚೆ ಯಾರನ್ನೂ ಕರೆದುಕೊಂಡು ಹೋದವಳಲ್ಲ. ಅವರದು ಒಂದೇ ನಿಯಮ: "ಮೊದಲು ಗುಂಪು, ಆಮೇಲೆ ಭೂಗೋಳ. ಗುಂಪನ್ನು ಬಿಟ್ಟು ಒಂದು ಹೆಜ್ಜೆ ಆಚೆ ಇಡಬಾರದು."

ಮೊದಲ ಟೂರಿನಲ್ಲೇ ನನ್ನ ರಷ್ಯನ್ ಭಾಷೆಯ ಮರ್ಯಾದೆ ಹೋಯಿತು. ಮಾಸ್ಕೋದಲ್ಲಿ ರೈಲು ನಿಲ್ದಾಣಕ್ಕೂ 'ವಗ್ಜಾಲ್' ಎನ್ನುತ್ತಾರೆ, ಹಡಗುಗಳು ಹೊರಡುವ ನದಿ ನಿಲ್ದಾಣಕ್ಕೂ 'ವಗ್ಜಾಲ್' ಎನ್ನುತ್ತಾರೆ. ಸಾಮಾನು ಹೊತ್ತ ವ್ಯಾನಿನವನಿಗೆ ನಾನು ಗತ್ತಿನಿಂದ "ವಗ್ಜಾಲ್" ಎಂದೆ. ಜನ ನದಿಗೆ ಹೋದರು, ಪೆಟ್ಟಿಗೆಗಳು ರೈಲಿಗೆ ಹೋದವು. ಗುಂಪಿನವರು ಎರಡು ದಿನ ಹಡಗಿನ ಮಾಳಿಗೆಯ ಮೇಲೆ ಒಂದೇ ಉಡುಪಿನಲ್ಲಿ ಓಡಾಡಿದರು. ಪೆಟ್ಟಿಗೆಗಳು ಉಗ್ಲಿಚ್‌ನಲ್ಲಿ ಬಂದು ಕೂಡಿಕೊಂಡವು. ಅಂದಿನಿಂದ ಎಲ್ಲಿಗೆ ಎಂಬುದರ ಜೊತೆಗೆ ನೀರೋ ನೆಲವೋ ಎಂದೂ ಹೇಳುವುದು ನನ್ನ ಅಭ್ಯಾಸವಾಯಿತು.

ಆ ದಾರಿಯನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ವರ್ಷವರ್ಷ ಹಾದುಹೋಗಿ. ನಕ್ಷೆಯಲ್ಲಿ ವೋಲ್ಗಾ ಒಂದು ನೀಲಿ ಗೆರೆ. ಹಡಗಿನಲ್ಲಿ ಹೋದವರಿಗೆ ಅದು ಮೆಟ್ಟಿಲು. ಮಾಸ್ಕೋದಿಂದ ತೋಡಿದ ಕಾಲುವೆಯಲ್ಲಿ ಹಡಗು ಒಂದೊಂದೇ ಲಾಕ್ ಗೇಟಿನ ಒಳಗೆ ನಿಲ್ಲುತ್ತದೆ. ಹಿಂದೆ ಬಾಗಿಲು ಮುಚ್ಚುತ್ತಾರೆ, ನೀರು ಏರುತ್ತದೆ ಇಲ್ಲವೇ ಇಳಿಯುತ್ತದೆ, ಮುಂದೆ ಬಾಗಿಲು ತೆರೆಯುತ್ತಾರೆ. ದುಬ್ನಾ ಎಂಬ ಊರಿನ ಬಳಿ ಕಾಲುವೆ ವೋಲ್ಗಾವನ್ನು ಸೇರುತ್ತದೆ. ಅಲ್ಲಿಂದ ಮುಂದೆ ನದಿ ಎನ್ನುವುದು ಹೆಸರಿಗೆ. ಒಂದು ಅಣೆಕಟ್ಟಿನ ಹಿನ್ನೀರು ಮುಗಿಯುವಲ್ಲಿ ಇನ್ನೊಂದರ ಹಿನ್ನೀರು ಶುರು. ದಡದಲ್ಲಿ ಪೈನ್ ಮರ, ಬಿಳಿ ತೊಗಟೆಯ ಬರ್ಚ್ ಮರ, ನಡುವೆ ಮರದ ಮನೆಗಳ ಹಳ್ಳಿ. ಮೊದಲು ಸಿಗುವುದು ಕಿಮ್ರಿ. ಹಿಂದಿನ ಕಾಲದಲ್ಲಿ ಸೈನ್ಯಕ್ಕೆಲ್ಲ ಬೂಟು ಹೊಲಿದುಕೊಟ್ಟ ಊರು. ಕೊಲ್ಹಾಪುರದ ಚಪ್ಪಲಿ ಹಾಕಿಕೊಂಡು ಬಂದಿದ್ದ ನಮ್ಮವರು ಕಾಲು ಮುಂದೆ ಚಾಚಿ, "ನಮ್ಮಲ್ಲೂ ಇದೆ" ಎಂದು ನದಿಗೇ ತೋರಿಸುತ್ತಿದ್ದರು.

ಅದರ ಮುಂದಿನ ದೊಡ್ಡ ನಿಲುಗಡೆ ಉಗ್ಲಿಚ್. ಅಲ್ಲಿ ಚರ್ಚಿನ ಒಂದು ಹಳೆಯ ಗಂಟೆ ಇದೆ. ಶತಮಾನಗಳ ಹಿಂದೆ ಅಲ್ಲಿ ಒಬ್ಬ ಬಾಲಕ ರಾಜಕುಮಾರ ಕುತ್ತಿಗೆಗೆ ಗಾಯವಾಗಿ ಸತ್ತ. ಯಾರೋ ಈ ಗಂಟೆ ಬಾರಿಸಿ ಊರನ್ನು ಕೂಡಿಸಿದರು, ಊರು ದಂಗೆ ಎದ್ದಿತು. ಮಾಸ್ಕೋದಿಂದ ಬಂದವರು ಜನರ ಜೊತೆ ಗಂಟೆಗೂ ಶಿಕ್ಷೆ ವಿಧಿಸಿದರು. ಚಾಟಿಯಿಂದ ಹೊಡೆದರು, ನಾಲಿಗೆ ಕಿತ್ತರು, ಒಂದು ಕಿವಿ ಕತ್ತರಿಸಿದರು, ಸೈಬೀರಿಯಕ್ಕೆ ಗಡೀಪಾರು ಮಾಡಿದರು. ಮುನ್ನೂರು ವರ್ಷ ಕಳೆದ ಮೇಲೆ ಗಂಟೆ ಮನೆಗೆ ಬಂತು. ಈ ಕಥೆಯನ್ನು ನಾನು ಹೇಳಿದಾಗಲೆಲ್ಲ ಪುಣೆಯವರು ಪ್ರಶ್ನೆ ಕೇಳದೆ ಬಿಟ್ಟಿಲ್ಲ. ಒಬ್ಬ ವಕೀಲರು, "ಗಂಟೆಯ ಪರವಾಗಿ ಯಾರು ವಾದಿಸಿದರು?" ಎಂದರು. ಒಬ್ಬ ಸಂಗೀತ ಶಿಕ್ಷಕಿ, "ಮರಳಿ ಬಂದ ಮೇಲೆ ಸ್ವರ ಅದೇ ಇತ್ತೇ?" ಎಂದರು.

ಕಿಮ್ರಿಗೂ ಉಗ್ಲಿಚ್‌ಗೂ ನಡುವೆ ಕಲ್ಯಾಜಿನ್. ಅದು ನಮ್ಮ ಕಾರ್ಯಕ್ರಮದಲ್ಲಿ ಇರಲಿಲ್ಲ. ಹಡಗು ಅಲ್ಲಿ ನಿಧಾನ ಮಾಡುತ್ತಿತ್ತು, ನಾನು ಮೈಕ್ ಹಿಡಿದು "ಬಲಗಡೆ ನೋಡಿ" ಎನ್ನುತ್ತಿದ್ದೆ. ನೀರಿನ ನಡುವೆ, ಅಂಗೈಯಷ್ಟು ಹುಲ್ಲಿನ ದ್ವೀಪದ ಮೇಲೆ, ಚರ್ಚೊಂದರ ಗಂಟೆಗೋಪುರ ಒಂಟಿಯಾಗಿ ನಿಂತಿದೆ. ಐದು ಅಂತಸ್ತು, ಮೇಲೆ ಮೊನೆ, ಮೊನೆಯ ಮೇಲೆ ಶಿಲುಬೆ. ಚರ್ಚು ಇಲ್ಲ. ಸುತ್ತ ಊರು ಇಲ್ಲ. ಉಗ್ಲಿಚ್‌ನಲ್ಲಿ ಅಣೆಕಟ್ಟು ಕಟ್ಟಿದಾಗ ಹಳೆಯ ಕಲ್ಯಾಜಿನ್‌ನ ನಡುಭಾಗ, ಪೇಟೆ ಸಮೇತ, ನೀರಿನಡಿ ಹೋಯಿತು, ಉಳಿದ ಊರು ದಡದ ಮೇಲಿದೆ. ಗೋಪುರವನ್ನು ಹಡಗುಗಳಿಗೆ ಗುರುತಾಗಲಿ ಎಂದು ಉಳಿಸಿದರಂತೆ. ನಾನು ಇಷ್ಟು ಹೇಳುವಷ್ಟರಲ್ಲಿ ಎಲ್ಲರೂ ಫೋಟೋ ತೆಗೆದುಕೊಂಡು ಮುಗಿಸಿರುತ್ತಿದ್ದರು. ಅಡುಗೆಮನೆಯಿಂದ ಊಟದ ಕರೆ ಬರುತ್ತಿತ್ತು. ಎಷ್ಟೋ ವರ್ಷ ಕಲ್ಯಾಜಿನ್ ನನ್ನ ಪಾಲಿಗೆ ಊಟಕ್ಕೆ ಮುಂಚಿನ ಊರು.

ಈಗ ಆ ವರ್ಷದ ಮಾತು.

ಗುಂಪಿನಲ್ಲಿ ಸದಾಶಿವ ಪೇಟೆಯ ಲೇಲೆ ಎಂಬ ನಿವೃತ್ತ ಬ್ಯಾಂಕ್ ಅಧಿಕಾರಿ ಇದ್ದರು. ಮಡಚಿದ ಕಾರ್ಯಕ್ರಮದ ಹಾಳೆ ಅವರ ಶರ್ಟಿನ ಜೇಬಿನಲ್ಲಿ, ಪೆನ್ಸಿಲ್ ಕಿವಿಯ ಮೇಲೆ. ನೋಡಿದ್ದಕ್ಕೆ ಗುರುತು ಹಾಕುತ್ತಿದ್ದರು, ನೋಡದ್ದಕ್ಕೆ ನನ್ನ ಮುಖ ನೋಡುತ್ತಿದ್ದರು. ಕನ್ನಡದವರು ಒಬ್ಬರೇ: ಚಿಂಚವಾಡದಲ್ಲಿ ಇಳಕಲ್ ಸೀರೆಯ ಅಂಗಡಿ ನಡೆಸುತ್ತಿದ್ದ ಶಾಂತವ್ವ ಅಂಗಡಿ. ಅಡ್ಡಹೆಸರೂ ಅಂಗಡಿ, ಬದುಕೂ ಅಂಗಡಿ. ಎಪ್ಪತ್ತರ ಹತ್ತಿರದ ಹೆಂಗಸು, ಸೀರೆಯ ಮೇಲೆ ಮಗನ ಸ್ವೆಟರು, ಕಾಲಿಗೆ ಕ್ಯಾನ್ವಾಸ್ ಬೂಟು. ಗಂಡ ತೀರಿಕೊಂಡ ಮೇಲೂ ಗಲ್ಲಾದ ಮೇಲೆ ತಾವೇ ಕೂರುತ್ತಿದ್ದರಂತೆ.

"ಯಾಕ್ರಿ ರಷ್ಯಾ ಆರಿಸಿದ್ರಿ?" ಎಂದು ನಾನು ಮೊದಲ ದಿನ ಕೇಳಿದೆ.

"ಕಾಶಿ ಆಗೇತಿ, ಸಿಂಗಾಪುರ ಆಗೇತಿ. ನಿಮ್ಮ ಆಫೀಸಿನ ಗ್ವಾಡಿ ಮ್ಯಾಲ ಹೊಳಿ ಫೋಟೋ ಇತ್ತು. ಹೊಳಿ ಮ್ಯಾಲನ ಉಣ್ಣೂದು, ಹೊಳಿ ಮ್ಯಾಲನ ಮಲಗೂದು ಅಂದ್ರು. ಹೂಂ ಅಂದೆ."

ಕಿಮ್ರಿ ದಾಟಿದ ಮೇಲೆ ಹಡಗಿನ ಕ್ಯಾಪ್ಟನ್ ನನ್ನನ್ನು ಕರೆಸಿದ. ಉಗ್ಲಿಚ್‌ನ ಲಾಕ್ ಗೇಟು ಕೆಟ್ಟಿದೆ, ರಿಪೇರಿ ನಡೆಯುತ್ತಿದೆ, ಹಡಗುಗಳು ಸಾಲುಗಟ್ಟಿವೆ, ಕರೆ ಬರುವವರೆಗೆ ಕಲ್ಯಾಜಿನ್ ದಡದಲ್ಲಿ ಕಟ್ಟುತ್ತೇನೆ ಎಂದ. ಕರೆ ಯಾವಾಗ ಬರುತ್ತದೆ ಎಂದರೆ ಭುಜ ಹಾರಿಸಿದ. ನಾನು ಮಾಳಿಗೆಯ ಮೇಲೆ ಬಂದು ಸುದ್ದಿ ಹೇಳಿದೆ.

ಲೇಲೆ ಹಾಳೆ ಬಿಡಿಸಿದರು. "ಹುಕ್ಕೇರಿಬಾಯಿ, ಕಲ್ಯಾಜಿನ್ ಕಾರ್ಯಕ್ರಮದಲ್ಲಿ ಇಲ್ಲ."

"ಹೌದು, ಇಲ್ಲ."

"ಗೈಡ್ ಇದ್ದಾರೆಯೇ?"

"ಇಲ್ಲ."

"ನಿಮಗೆ ಊರು ಗೊತ್ತೇ?"

"ಗೋಪುರ ಗೊತ್ತು. ನಿಮಗೂ ಈಗ ಗೊತ್ತಾಯಿತು."

"ಹಾಗಾದರೆ ಇಳಿದು ಏನು ಮಾಡುವುದು?"

ಅದೇ ನನಗೂ ಗೊತ್ತಿರಲಿಲ್ಲ. ಆದರೆ ಬೇಸರಗೊಂಡ ಒಂದು ಗುಂಪು ನಿಂತ ಹಡಗಿನಲ್ಲಿ ಕುಳಿತರೆ ಸಂಜೆಯೊಳಗೆ ಬಂಡಾಯ ಏಳುತ್ತದೆ. ಹಡಗಿನ ಹಗ್ಗ ಕಟ್ಟುವವನನ್ನು ಕೇಳಿದೆ. ಊರಿನ ಮ್ಯೂಸಿಯಂಗೆ ಆ ದಿನ ರಜೆ. ಹತ್ತಿರದ ಚರ್ಚಿಗೂ ಬೀಗ. ಕೊನೆಗೆ ಎಲ್ಲರನ್ನೂ ದಡದ ಹುಲ್ಲಿನ ಮೇಲೆ ನಿಲ್ಲಿಸಿ ನಿಜವನ್ನೇ ಹೇಳಿದೆ: "ಈ ಊರಿನ ಬಗ್ಗೆ ನನಗೆ ಏನೂ ಗೊತ್ತಿಲ್ಲ. ನಿಮಗೆ ಒಂದೇ ಒಂದು ರಷ್ಯನ್ ವಾಕ್ಯ ಕಲಿಸುತ್ತೇನೆ. 'ಶ್ತೋ ಎತಾ?' ಅಂದರೆ 'ಇದೇನು?' ಕಣ್ಣಿಗೆ ಬಿದ್ದದ್ದರ ಕಡೆ ಬೆರಳು ಮಾಡಿ ಕೇಳಿ. ಉತ್ತರ ತಿಳಿಯದಿದ್ದರೆ ನನ್ನನ್ನು ಕೂಗಿ. ಹಡಗಿನ ಸೀಟಿ ಕೇಳುವಷ್ಟು ದೂರದಲ್ಲೇ ಇರಿ."

ಹೀಗೆ ನಲವತ್ತು ಪುಣೇಕರರು ಒಂದು ನಿದ್ದೆಗಣ್ಣಿನ ಊರಿನೊಳಗೆ "ಶ್ತೋ ಎತಾ" ಎನ್ನುತ್ತ ನುಗ್ಗಿದರು.

ಊರು ಚಿಕ್ಕದು, ತಗ್ಗು ಮನೆಗಳು. ಝಾಬ್ನ್ಯಾ ಎಂಬ ಸಣ್ಣ ಹೊಳೆ ಊರನ್ನು ಸೀಳಿಕೊಂಡು ಬಂದು ವೋಲ್ಗಾವನ್ನು ಸೇರುತ್ತದೆ. ಕಿಟಕಿಗಳ ಸುತ್ತ ಮರದಲ್ಲಿ ಕೊರೆದ ಜಾಲರಿ, ಕಿಟಕಿಯೊಳಗೆ ಜಿರೇನಿಯಂ ಕುಂಡ, ಕುಂಡದ ಪಕ್ಕ ಬೆಕ್ಕು. ಜನ ಮೊದಲು ಗಾಬರಿಯಾದರು, ಆಮೇಲೆ ಮಾತಿಗೆ ನಿಂತರು. ನಾನು ಒಬ್ಬರಿಂದ ಇನ್ನೊಬ್ಬರ ಕಡೆಗೆ ಓಡುತ್ತ ಅನುವಾದ ಮಾಡಿದೆ. ಎದುರು ದಡದ ಖಾಲಿ ನೀರಿನ ಕಡೆ ಬೆರಳು ಮಾಡಿದವರಿಗೆ, ಅಲ್ಲಿ ಐದಾರು ಶತಮಾನ ಹಳೆಯ ಮಠವಿತ್ತು, ಊರು ಹುಟ್ಟಿದ್ದೇ ಅದರ ಹೆಸರಿನಲ್ಲಿ, ಅದನ್ನೂ ಕೆಡವಿದರು ಎಂಬ ಉತ್ತರ ಸಿಕ್ಕಿತು. ಒಬ್ಬರ ಮನೆಯ ಬೇಲಿಯ ಮೇಲೆ ಒಣಗುತ್ತಿದ್ದ ಬೂದುಬಣ್ಣದ ವಸ್ತುವನ್ನು ಕೇಳಿದವರಿಗೆ, ಉಣ್ಣೆಯನ್ನು ಬಿಸಿನೀರಿನಲ್ಲಿ ತುಳಿದು ತುಳಿದು ಗಟ್ಟಿ ಮಾಡಿ, ಹೊಲಿಗೆಯೇ ಇಲ್ಲದೆ ಬೂಟು ಮಾಡುವ ಕಲೆಗೆ ಈ ಊರು ಹೆಸರುವಾಸಿ ಎಂದು ತಿಳಿಯಿತು. ಹಿಮದಲ್ಲಿ ಮೊಣಕಾಲಿನವರೆಗೆ ಹಾಕುವ 'ವಾಲೆಂಕಿ'. ಜೂನ್ ತಿಂಗಳ ಬಿಸಿಲಿನಲ್ಲಿ ನಮ್ಮ ಐದಾರು ಹೆಂಗಸರು ಅದನ್ನು ಕೊಂಡರು. ಪುಣೆಯಲ್ಲಿ ಎಲ್ಲಿ ಹಾಕಿಕೊಳ್ಳುತ್ತೀರಿ ಎಂದರೆ, "ಮಹಾಬಳೇಶ್ವರಕ್ಕೆ ಹೋದಾಗ" ಎಂದರು.

ಅಷ್ಟರಲ್ಲಿ ಲೇಲೆ ಅವರ ಕೂಗು ಕೇಳಿತು. ಹೋಗಿ ನೋಡಿದರೆ ಅವರು ಒಂದು ಬೀದಿಯ ಕೊನೆಯಲ್ಲಿ ನಿಂತಿದ್ದರು. ಬೀದಿ ನೇರವಾಗಿ ಇಳಿಜಾರಿನಲ್ಲಿ ಹೋಗಿ, ಎಲ್ಲಿಯೂ ತಿರುಗದೆ, ನೀರಿನೊಳಗೆ ಇಳಿಯುತ್ತಿತ್ತು. ಅದರ ಗುರಿ ನೀರಿನಲ್ಲಿ ನಿಂತ ಗೋಪುರ. ಪಕ್ಕದಲ್ಲಿ ಗಾಳ ಹಾಕಿದ್ದವನನ್ನು ಅವರು "ಶ್ತೋ ಎತಾ" ಎಂದು ಕೇಳಿದ್ದರು, ಅವನು "ಊಲಿತ್ಸಾ" ಎಂದಿದ್ದ.

"ಊಲಿತ್ಸಾ ಅಂದರೆ?"

"ಬೀದಿ."

"ಅದು ಗೊತ್ತಾಯಿತು. ನಾನು ತೋರಿಸಿದ್ದು ನೀರಿನೊಳಗಿನ ಭಾಗ."

"ಅದೂ ಬೀದಿಯೇ ಅಂತ ಹೇಳುತ್ತಿದ್ದಾನೆ."

ಲೇಲೆ ಗಾಳದವನ ಪಕ್ಕದಲ್ಲಿ ಕುಳಿತು, ಬೆರಳು ಮಾಡುತ್ತ, ನೀರಿನೊಳಗಿನ ಊರನ್ನು ಒಂದೊಂದಾಗಿ ಕೇಳತೊಡಗಿದರು. ಪೇಟೆ ಎಲ್ಲಿ? ಶಾಲೆ ಎಲ್ಲಿ? ಗಾಳದವನು ಬರೀ ನೀರಿನ ಮೇಲೆ ಇಲ್ಲಿ ಅಲ್ಲಿ ಎಂದು ತೋರಿಸುತ್ತಿದ್ದ. ಜೇಬಿನ ಹಾಳೆ ಆ ಮಧ್ಯಾಹ್ನ ಮತ್ತೆ ಹೊರಗೆ ಬರಲಿಲ್ಲ.

ಹಿಂದಿನ ಸಾಲಿನ ಆ ಹುಡುಗಿಗೆ ನನ್ನ ಉತ್ತರ ಇಷ್ಟೇ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು. ನೀನು ಹಾಗಂದಾಗ ಗುಂಪು ನಿನ್ನ ಹಿಂದಿನಿಂದ ನಿನ್ನ ಪಕ್ಕಕ್ಕೆ ಬರುತ್ತದೆ. ಆದರೆ ಅದರ ಅಪಾಯವನ್ನೂ ಹೇಳಬೇಕು.

ಹಡಗಿನ ಸೀಟಿ ಕೂಗಿತು. ಗೇಟು ಸರಿಯಾಗಿದೆ, ನಮ್ಮ ಸರದಿ ಬಂದಿದೆ, ತಕ್ಷಣ ಹೊರಡಬೇಕು ಎಂದು ಕ್ಯಾಪ್ಟನ್. ಎಲ್ಲರೂ ಬಂದರು. ಎಣಿಸಿದೆ. ಒಬ್ಬರು ಕಡಿಮೆ. ಶಾಂತವ್ವ ಇಲ್ಲ.

ಭಾಷೆ ಬಾರದ, ಫೋನು ಹಡಗಿನಲ್ಲೇ ಬಿಟ್ಟ ಹೆಂಗಸು. ಊರಿನ ಸುತ್ತಲೂ ನೀರು. ಗಾಳದವನು ದಡದ ಆಚೆ ತಿರುವಿನ ಕಡೆ ಕೈ ಮಾಡಿ, "ಬಣ್ಣದ ಬಟ್ಟೆ" ಎಂದ. ಓಡಿದೆ.

ತಿರುವಿನಾಚೆ ಸಣ್ಣ ಮರಳಿನ ದಡ. ಅಲ್ಲಿ ಶಾಂತವ್ವ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಕುಕ್ಕುರುಗಾಲಿನಲ್ಲಿ ಕುಳಿತಿದ್ದರು. ಎದುರಿಗೆ ತಲೆಗೆ ಹೂವಿನ ಚೌಕ ಕಟ್ಟಿದ, ಎಂಬತ್ತರ ಆಸುಪಾಸಿನ ಅಜ್ಜಿ. ಇಬ್ಬರ ಕೈಯಲ್ಲೂ ಕಡ್ಡಿ. ನಡುವೆ ಮರಳಿನ ಮೇಲೆ ಗೆರೆಗಳು, ಚೌಕಗಳು, ಅಲ್ಲಲ್ಲಿ ಇಟ್ಟ ಕಲ್ಲು.

"ಶಾಂತವ್ವಾರ, ಹಡಗ ಹೊಂಟದ! ಎಲ್ಲೆ ಹೋಗಿದ್ರಿ?"

ಅವರು ತಲೆ ಎತ್ತಲೇ ಇಲ್ಲ. "ಬರ್ರಿ ಬರ್ರಿ, ಚಲೋ ಟೈಮಿಗೆ ಬಂದ್ರಿ. ಈಕಿ ಹೆಸರು ಏನಂತ ಕೇಳ್ರಿ ಮೊದಲ. ನನ್ನ ಕಡೆ ನೋಡಿ 'ನೀನಾ' ಅಂದ್ಲು. 'ಹೌದವಾ, ನಾನಽ' ಅಂದೆ. ಮತ್ತ ಎದಿ ಮುಟಿಕೊಂಡು 'ನೀನಾ' ಅಂದ್ಲು. ನಾನೂ ಎದಿ ಮುಟಿಕೊಂಡು 'ನಾನಽ' ಅಂದೆ. ಈಗ ನನಗ 'ನಾನಾ, ನಾನಾ' ಅಂತ ಕರ್ಯಾಕತ್ಯಾಳ."

ಅಜ್ಜಿಯ ಹೆಸರು ನೀನಾ. ಅಷ್ಟು ಆತಂಕದಲ್ಲೂ ನನಗೆ ನಗು ತಡೆಯಲಾಗಲಿಲ್ಲ. ನಾನು ರಷ್ಯನ್‌ನಲ್ಲಿ ವಿವರಿಸಿದಾಗ ನೀನಾ ಕೂಡ ಬಾಯಿ ಮುಚ್ಚಿಕೊಂಡು ನಕ್ಕಳು.

ಮರಳಿನಲ್ಲಿ ಎರಡು ಊರುಗಳಿದ್ದವು. ನೀನಾ ಬರೆದದ್ದು ಹಳೆಯ ಕಲ್ಯಾಜಿನ್: ಚರ್ಚು, ಅದರ ಮುಂದಿನ ಸಂತೆ, ನದಿಗೆ ಇಳಿಯುವ ಮೂರು ಬೀದಿ, ಮೂಲೆಯಲ್ಲಿ ತಮ್ಮ ಮನೆ. ಶಾಂತವ್ವ ಬರೆದದ್ದು ಹಳೆಯ ಬಾಗಲಕೋಟೆ: ಘಟಪ್ರಭಾ ಹೊಳೆ, ಕಿಲ್ಲಾ ಎಂದು ಕರೆಯುವ ಕೋಟೆ ಭಾಗದ ಓಣಿ, ಅದರಲ್ಲಿ ಗಂಡನ ಸೀರೆ ಅಂಗಡಿ. ಆಲಮಟ್ಟಿಯ ಹಿನ್ನೀರು ಬರುತ್ತದೆ ಎಂದು ಕಿಲ್ಲಾ ಖಾಲಿಯಾದಾಗ ಇವರ ಸಂಸಾರ ಪುಣೆಗೆ ಬಂದಿತ್ತು. ನನಗೆ ಅದು ಆವರೆಗೆ ಗೊತ್ತಿರಲಿಲ್ಲ. ಮೂರು ದಿನ ಒಂದೇ ಮೇಜಿನಲ್ಲಿ ಉಂಡಿದ್ದೆವು, ನಾನು ಕೇಳಿರಲಿಲ್ಲ.

"ಒಂದಽ ಮಾತು ಕೇಳ್ರಿ ಆಕಿನ್ನ," ಎಂದರು ಶಾಂತವ್ವ. "ನೀರು ಬಂದ ಮ್ಯಾಲ ಬಾಜೂ ಮನಿಯವ್ರು ಬಾಜೂನ ಉಳದ್ರೇನು?"

ಸೀಟಿ ಮತ್ತೆ ಕೂಗಿತು. ನಾನು ಕೇಳಿದೆ. ಈ ಪ್ರಶ್ನೆಯನ್ನು ಅರ್ಧಕ್ಕೆ ಬಿಟ್ಟು ಎಳೆದುಕೊಂಡು ಹೋಗಲು ಮನಸ್ಸಾಗಲಿಲ್ಲ.

ನೀನಾ ಹೇಳಿದಳು: ಆಗ ತನಗೆ ಆರು ವರ್ಷ. ಇಟ್ಟಿಗೆಯ ಮನೆಗಳನ್ನು ಕೆಡವಿದರು. ಮರದ ಮನೆಗಳ ಒಂದೊಂದು ದಿಮ್ಮಿಗೂ ಬಣ್ಣದಲ್ಲಿ ಸಂಖ್ಯೆ ಬರೆದು, ಬಿಚ್ಚಿ, ಗಾಡಿಯಲ್ಲಿ ದಿನ್ನೆಗೆ ಸಾಗಿಸಿ, ಮತ್ತೆ ಅದೇ ಸಂಖ್ಯೆಯಲ್ಲಿ ಜೋಡಿಸಿದರು. ಅಪ್ಪ ಹಟ ಹಿಡಿದು ಪಕ್ಕದ ಮನೆಯವರ ಪಕ್ಕದಲ್ಲೇ ಜಾಗ ಕೇಳಿದ. ಸಿಕ್ಕಿತು. ಹೊಸ ಜಾಗದಲ್ಲಿ ಎರಡು ಮನೆಗೂ ಸೇರಿ ಒಂದು ಬಾವಿ ತೋಡಿದರು. ಆಮೇಲೆ ಬಾವಿ ಯಾರದು ಎಂದು ಜಗಳವಾಯಿತು. ಪಕ್ಕದ ಮನೆಯ ಝೋಯಾ ತನ್ನ ಓರಗೆಯವಳು. ಎಷ್ಟೋ ವರ್ಷಗಳಿಂದ ಮಾತಿಲ್ಲ.

ಶಾಂತವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನಿಂತೇಬಿಟ್ಟಿತು ಆ ನಗು.

ನಾವು ತಿರುವು ದಾಟಿ ಹಡಗುಕಟ್ಟೆ ಕಾಣುವಷ್ಟರಲ್ಲಿ ಶಾಂತವ್ವನ ಮೊಣಕಾಲು ಹಿಡಿದುಕೊಂಡಿತ್ತು. ಕುಕ್ಕುರು ಕುಳಿತದ್ದರ ಫಲ. ಹಡಗು ಅವರ ವೇಗಕ್ಕೆ ಕಾಯುವ ಹಾಗಿರಲಿಲ್ಲ. ಸರದಿ ತಪ್ಪಿದರೆ ಇಡೀ ಹಡಗು ಇರುಳೆಲ್ಲ ಸಾಲಿನಲ್ಲಿ ಕೊಳೆಯಬೇಕು ಎಂದು ಕ್ಯಾಪ್ಟನ್ ಮೇಲಿನಿಂದ ಕೂಗಿದ. ಗುಂಪನ್ನು ಬಿಟ್ಟು ಒಂದು ಹೆಜ್ಜೆ ಇಡಬಾರದು ಎಂಬ ಸಾಠೆ ಸರ್ ನಿಯಮ ಒಂದು ಕಡೆ, ನಿಧಾನ ಕುಂಟುತ್ತಿರುವ ಶಾಂತವ್ವ ಇನ್ನೊಂದು ಕಡೆ. ನಕ್ಷೆ ನೆನಪಾಯಿತು. ನದಿ ಬಳಸಿಕೊಂಡು ಹೋಗುತ್ತದೆ, ಲಾಕ್ ಗೇಟಿನಲ್ಲಿ ಹಡಗು ಹೊತ್ತು ಕಳೆಯುತ್ತದೆ. ರಸ್ತೆಯಲ್ಲಿ ಹೋದರೆ ಉಗ್ಲಿಚ್‌ಗೆ ನಾವೇ ಮೊದಲು. ಓಡಿಹೋಗಿ ಹಡಗಿನ ಮೆಟ್ಟಿಲ ಬಳಿ ನಿಂತಿದ್ದ ಲೇಲೆ ಅವರ ಕೈಗೆ, ಗುಂಪಿನ ಮುಂದೆ ಹಿಡಿದು ನಡೆಯುವ ನನ್ನ ಕೇಸರಿ ಬಾವುಟ ಕೊಟ್ಟೆ.

"ಗುಂಪು ನಿಮ್ಮದು. ಉಗ್ಲಿಚ್ ಕಟ್ಟೆಯ ಮೇಲೆ ಸಿಗುತ್ತೇನೆ."

"ನನಗೆ ಬರುವ ರಷ್ಯನ್ ಒಂದೇ ವಾಕ್ಯ, ಬಾಯಿ."

"ಸಾಕು."

ಹಡಗು ಹೋಯಿತು. ಆಮೇಲೆ ಗೊತ್ತಾಯಿತು, ಆ ಹೊತ್ತಿಗೆ ಊರಿನಲ್ಲಿ ಟ್ಯಾಕ್ಸಿ ಇಲ್ಲ, ಬಸ್ಸೂ ಹೋಗಿಯಾಗಿದೆ. ಜೊತೆಗೆ ಬಂದಿದ್ದ ನೀನಾ ನಮ್ಮನ್ನು ತನ್ನ ಓಣಿಗೆ ಕರೆದೊಯ್ದಳು. ಅಲ್ಲಿ ಕಾರು ಇದ್ದದ್ದು ಒಂದೇ ಮನೆಯಲ್ಲಿ. ಝೋಯಾಳ ಮನೆಯಲ್ಲಿ.

ನೀನಾ ತನ್ನ ಬೇಲಿಯ ಬಳಿ ನಿಂತು ತಲೆಯ ಚೌಕ ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿಕೊಂಡಳು. ಆಮೇಲೆ ಪಕ್ಕದ ಮನೆಯ ಬಾಗಿಲು ಬಡಿದಳು. ದಪ್ಪ ಕನ್ನಡಕದ ಇನ್ನೊಬ್ಬ ಅಜ್ಜಿ ತೆರೆದಳು. ಇಬ್ಬರೂ ಮುಖ ನೋಡಲಿಲ್ಲ.

"ಕಾರು ಬೇಕು," ಎಂದಳು ನೀನಾ.

"ಯಾರಿಗೆ?"

"ಇಂಡಿಯಾಗೆ."

ಝೋಯಾ ನಮ್ಮಿಬ್ಬರ ಸೀರೆಗಳನ್ನು ಮೇಲಿಂದ ಕೆಳಗೆ ನೋಡಿದಳು. ಬಾಗಿಲು ಹಾಕಿಕೊಂಡಳು. ಮುಗಿಯಿತು ಎಂದುಕೊಂಡೆ. ಮತ್ತೆ ತೆರೆದಾಗ ಅವಳ ಕಾಲಲ್ಲಿ ಹೊರಗಿನ ಬೂಟು, ಹಿಂದೆ ಬೀಗದ ಕೈ ಹಿಡಿದ ಐವತ್ತು ವಯಸ್ಸಿನ ಮಗ. ಮಗ ಜೋರಾಗಿ ಓಡಿಸುತ್ತಾನೆ, ಕಾಯಬೇಕು ಎಂದು ಅವಳು ಮುಂದಿನ ಸೀಟಿನಲ್ಲಿ ಕುಳಿತಳು. ಅತಿಥಿಗಳು ನನ್ನವರು ಎಂದು ನೀನಾ ಹಿಂದೆ ಹತ್ತಿದಳು. ನಡುವೆ ಶಾಂತವ್ವ, ಪಕ್ಕದಲ್ಲಿ ನಾನು.

ಊರು ದಾಟಿದೆವು. ಎರಡೂ ಕಡೆ ಬರ್ಚ್ ಕಾಡು. ಇದ್ದಕ್ಕಿದ್ದಂತೆ ಝೋಯಾ ಮುಂದೆ ನೋಡುತ್ತಲೇ ಏನೋ ಅಂದಳು. ನೀನಾ ಹಿಂದಿನಿಂದ ಥಟ್ಟನೆ ಉತ್ತರ ಕೊಟ್ಟಳು. ಅದಕ್ಕೆ ಝೋಯಾ ತಿರುಗಿ ಕುಳಿತಳು. ದನಿ ಏರಿತು, ಕೈಗಳು ಆಡಿದವು. ಮಗ ರೇಡಿಯೋ ಆರಿಸಿ ಕಿವಿಗೊಟ್ಟ.

"ಏನ್ ಅನ್ನಾಕತ್ತಾರ್ರಿ?" ಎಂದರು ಶಾಂತವ್ವ.

"ಬಾವಿ ಯಾರದು ಅಂತ ಜಗಳಾ ತಗದಾರ."

"ಭೇಷಾತು. ಮಾತು ಚಾಲೂ ಆತಲ್ಲ." ಅವರು ಕಿಟಕಿಯ ಆಚೆ ನೋಡುತ್ತ, "ನಮಗ ಜಗಳಾ ತಗ್ಯಾಕ ಯಾರೂ ಬಾಜೂಕ ಉಳೀಲಿಲ್ರಿ. ಹೊಸ ಊರಾಗ ಒಬ್ರಿಗೆ ಒಂದು ಸೆಕ್ಟರು, ಒಬ್ರಿಗೆ ಇನ್ನೊಂದು. ನಾವು ಪುಣೆ. ಮನಿಗೆ ರೊಕ್ಕಾ ಕೊಟ್ರು, ಜಾಗಾ ಕೊಟ್ರು. ಓಣಿ ಯಾರು ಕೊಡತಾರ? ನಾವೂ ಕೇಳಲಿಲ್ಲ. ಕೇಳಬೇಕು ಅನ್ನೂದಽ ಹೊಳೀಲಿಲ್ಲ" ಎಂದರು. ನಾನು ಅದನ್ನು ಅನುವಾದಿಸಲಿಲ್ಲ. ಆದರೂ ಇಬ್ಬರು ಅಜ್ಜಿಯರು ಜಗಳ ನಿಲ್ಲಿಸಿ ಅವರನ್ನೇ ನೋಡಿದರು. ನೀನಾ ತನ್ನ ಚೀಲದಿಂದ ಎಲೆಕೋಸಿನ ಪಲ್ಯ ತುಂಬಿದ ಬನ್ನು ತೆಗೆದು ಮೂರು ಭಾಗ ಮಾಡಿದಳು. ಒಂದು ಶಾಂತವ್ವನಿಗೆ, ಒಂದು ನನಗೆ. ಮೂರನೆಯದನ್ನು ಕೈ ಚಾಚಿ ಮುಂದಿನ ಸೀಟಿಗೆ ಕೊಟ್ಟಳು.

ಉಗ್ಲಿಚ್ ತಲುಪಿದಾಗ ನಮ್ಮ ಹಡಗು ಇನ್ನೂ ಗೇಟಿನೊಳಗೆ ಇಳಿಯುತ್ತಿತ್ತು. ಅದು ಕಟ್ಟೆಗೆ ಬಂದಾಗ ಮೊದಲು ಕಂಡದ್ದು ಲೇಲೆ ಎತ್ತಿ ಹಿಡಿದಿದ್ದ ಬಾವುಟ. ಎಲ್ಲರನ್ನೂ ಎರಡು ಸಲ ಎಣಿಸಿದ್ದರು. ಬಾವುಟ ಹಿಂದಿರುಗಿಸುವಾಗ, "ಇದು ನೋಡುವುದಕ್ಕಿಂತ ಭಾರವಿದೆ" ಎಂದರು.

ಪುಣೆಗೆ ಬಂದ ಮರುದಿನ ಸಾಠೆ ಸರ್ ಕರೆದರು. ಸುದ್ದಿ ಮುಟ್ಟಿತ್ತು. "ನಿಯಮ ಏನು?" ಎಂದರು. ಹೇಳಿದೆ. "ಮುರಿದಿರಿ." "ಹೌದು ಸರ್." "ಇನ್ನೊಮ್ಮೆ ಹೀಗಾದರೆ?" "ಹೀಗೆಯೇ ಮಾಡುತ್ತೇನೆ ಅನಿಸುತ್ತದೆ ಸರ್." ಕೆಲಸ ಹೋಯಿತು ಎಂದೇ ಎಣಿಸಿದ್ದೆ. ಅವರು ಗ್ಲೋಬನ್ನು ಹತ್ತಿರ ಎಳೆದುಕೊಂಡು ಕೇಳಿದರು: "ಊರು ಎಲ್ಲಿದೆ, ತೋರಿಸಿ." ಅಷ್ಟು ಚಿಕ್ಕ ಗ್ಲೋಬಿನಲ್ಲಿ ಅದು ಎಲ್ಲಿರಬೇಕು.

ಮರುವರ್ಷ ಕಲ್ಯಾಜಿನ್ ನಮ್ಮ ಜಾಹೀರಾತಿಗೆ ಏರಿತು. 'ಮುಳುಗಿದ ನಗರದಲ್ಲಿ ವಿಶೇಷ ನಿಲುಗಡೆ.' ಒಳ್ಳೆಯ ಸ್ಥಳೀಯ ಗೈಡ್ ಬಂದಳು. ಆ ವರ್ಷವೇ ಕಿವಿಗೆ ಹಾಕುವ ಯಂತ್ರಗಳೂ ಬಂದಿದ್ದವು. ಗೈಡ್ ದೂರದಲ್ಲಿ ಮಾತಾಡಿದರೂ ಪ್ರತಿಯೊಬ್ಬರ ಕಿವಿಯಲ್ಲೂ ಕೇಳುತ್ತಿತ್ತು. ಮಠ, ಅಣೆಕಟ್ಟು, ಗೋಪುರ, ಉಣ್ಣೆಯ ಬೂಟು, ಎಲ್ಲವೂ ಕ್ರಮವಾಗಿ, ತಪ್ಪಿಲ್ಲದೆ ಬಂದವು. ಯಾರೂ ಏನನ್ನೂ ಕೇಳಲಿಲ್ಲ. ಕೇಳುವ ಮೊದಲೇ ಉತ್ತರ ಬರುತ್ತಿತ್ತು. ನಾನು ಯಂತ್ರಗಳ ವಿರೋಧಿಯಲ್ಲ. ನನ್ನ ಗಂಟಲು ಉಳಿದದ್ದು ಅವುಗಳಿಂದ. ಆದರೆ ಆ ದಿನ ಗುಂಪು ಹೋದ ಹಾಗೇ ಮರಳಿ ಬಂತು. ಗೈಡ್ ಮಾತಾಡುತ್ತಿದ್ದಾಗ ನಾನು ನೀನಾಳ ಓಣಿಗೆ ಹೋಗಿಬಂದೆ. ಕಿಟಕಿ ಮುಚ್ಚಿತ್ತು. ಅಂಗಳದಲ್ಲಿ ಝೋಯಾ ನೀನಾಳ ಸೌತೆ ಬಳ್ಳಿಗಳಿಗೆ ನೀರು ಹಾಕುತ್ತಿದ್ದಳು. ನೀನಾ ಕಣ್ಣಿನ ಆಪರೇಷನ್‌ಗೆ ಮಗಳ ಊರಿಗೆ ಹೋಗಿದ್ದಾಳೆ ಎಂದಳು. ಹೇಳಿ, "ಎಷ್ಟು ಸಲ ಹೇಳಿದ್ದೇನೆ, ಸೌತೆಯನ್ನು ಇಷ್ಟು ಒತ್ತಾಗಿ ನೆಡಬೇಡ ಅಂತ" ಎಂದು ಗೊಣಗಿದಳು.

ಆಮೇಲೆ ಎಷ್ಟೋ ದೇಶಗಳಿಗೆ ಹೋದೆ. ಈಗ ಆ ನದಿಯ ಕಡೆಗೆ ಗುಂಪುಗಳು ಮೊದಲಿನಂತೆ ಹೋಗುತ್ತಿಲ್ಲ. ನಾನೂ ನಿವೃತ್ತಳಾದೆ. ಮನೆಯಲ್ಲಿ ಕುಳಿತು ಒಂದು ತಿಂಗಳಾಗಿರಬೇಕು, ಶಾಂತವ್ವನ ಫೋನು ಬಂತು.

"ಖಾಲಿ ಅದೀರಿ ಅಂತ ಗೊತ್ತಾತು. ಮುಂದಿನ ವಾರ ಬಾಗಲಕೋಟಿಗೆ ಹೊಂಟೇನಿ. ಬ್ಯಾಸಗಿ ಐತಿ, ನೀರು ಹಿಂದ ಸರದೇತಿ. ಬರ್ರಿ."

"ನಾನ್ಯಾಕ್ರಿ?"

"ಎಲ್ಲಾರಿಗೂ ಎಲ್ಲಾ ತೋರಿಸೀರಿ. ನಿಮಗ ಯಾರು ತೋರಿಸ್ಯಾರ?"

ಹೋದೆ. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಕಿಲ್ಲಾದ ಕಡೆ ನಡೆದೆವು. ಹಿನ್ನೀರು ಬಿಟ್ಟುಹೋದ ನೆಲ ಒಣಗಿ ಬಿರುಕುಬಿಟ್ಟಿತ್ತು. ಅಲ್ಲಲ್ಲಿ ಜಾಲಿ ಗಿಡ, ಗೋಡೆಯ ಬುಡ, ನುಣುಪಾದ ಹಾಸುಗಲ್ಲು. ದೂರದಲ್ಲಿ ಹೊಳೆ. ನಾಲ್ಕಾರು ಕುರಿ. ಶಾಂತವ್ವ ಕೋಲು ಊರಿಕೊಂಡು ಮುಂದೆ, ನಾನು ಹಿಂದೆ. ಇಲ್ಲಿ ಬಳೆಗಾರರ ಮನೆ. ಇಲ್ಲಿ ಚಹಾದಂಗಡಿ, ಅವನ ಚಹಾ ಕುಡಿಯಲು ಆಗುತ್ತಿರಲಿಲ್ಲ, ಆದರೂ ಎಲ್ಲರೂ ಕುಡಿಯುತ್ತಿದ್ದರು. ಇಲ್ಲಿ ಓಣಿ ಹೊರಳುತ್ತದೆ, ಹುಷಾರು. ನನ್ನ ಕಣ್ಣಿಗೆ ಅಲ್ಲಿ ಬರೀ ಮಣ್ಣಿತ್ತು, ಹೊರಳಲು ಏನೂ ಇರಲಿಲ್ಲ. ಆದರೂ ಅವರ ಹಿಂದೆ ಹೊರಳಿದೆ.

ಒಂದು ಕಡೆ ಅವರು ನಿಂತರು. ಕೋಲಿನಿಂದ ಮಣ್ಣು ಕೆದರಿದರು. ಮೊಳದಗಲದ ಒಂದು ಕಪ್ಪು ಕಲ್ಲು ಕಂಡಿತು, ಹೊಸ್ತಿಲಿನ ಹಾಗೆ ನಡುವೆ ಸವೆದು ತಗ್ಗಾಗಿತ್ತು. ಸೆರಗಿನಿಂದ ಅದನ್ನು ಒರೆಸಿ ದಾಟಿ ಆಚೆ ನಿಂತರು. ನನ್ನ ಕಡೆ ತಿರುಗಿ, ಗಿರಾಕಿಯನ್ನು ಕರೆಯುವ ದನಿಯಲ್ಲಿ ಹೇಳಿದರು:

"ಹೊರಗ ಯಾಕ ನಿಂತ್ರಿ? ಬರ್ರಿ, ಒಳಗ ಬರ್ರಿ."

ನಾನು ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಹೋದೆ.